ಮೈಯ ಸುದ್ದಿ

ಹಾಲಮ್ಮನಿಗೆ ಏನು ಕಾಯಿಲೆ ಎನ್ನುವುದು ಹಾಲಮ್ಮನೊಬ್ಬಳನ್ನು ಬಿಟ್ಟು ಮನೆಯವರಿಗೆಲ್ಲ ಗೊತ್ತಿತ್ತು.

ದಾವಣಗೆರೆ ಜಿಲ್ಲೆಯಾದ ವರ್ಷ ಅದು. ಊರೆಲ್ಲ ಬ್ಯಾನರು ಕಟ್ಟಿ ಪಟಾಕಿ ಹೊಡೆಯುತ್ತಿದ್ದ ದಿನಗಳಲ್ಲಿ ಅವಳ ಎಂಟು ತಿಂಗಳ ಕೂಸು ಭೇದಿ ನಿಲ್ಲದೆ, ಸೊರಗಿ ಸೊರಗಿ ಸತ್ತುಹೋಯಿತು. ಕೂಸನ್ನು ಮಣ್ಣು ಮಾಡಿ ಬಂದ ಮೇಲೆ ಅವಳಿಗೂ ಜ್ವರ ಹಿಡಿಯಿತು. ಬಿಡುವುದು, ಮತ್ತೆ ಬರುವುದು. ಗಂಡ ಹನುಮೇಶ ಮತ್ತು ಮಾವ ಮಾಳಿಂಗಪ್ಪ ಅವಳನ್ನು ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದರು. ಗಂಡ ಹೆಂಡಿರಿಬ್ಬರದೂ ರಕ್ತ ತೆಗೆದರು. ಮತ್ತೆ ಹೋದಾಗ ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂಡಿಸಿ ಗಂಡಸರನ್ನು ಮಾತ್ರ ಒಳಗೆ ಕರೆದರು. ಬಾಗಿಲು ಹಾಕಿಕೊಂಡಿತು. ತೆರೆದಾಗ ಮಾವನ ಮುಖ ಕಪ್ಪಿಟ್ಟಿತ್ತು. ಹನುಮೇಶ ಅವಳ ಕಡೆ ನೋಡಲೇ ಇಲ್ಲ.

"ಏನಂತೆ?" ಎಂದಳು ಹಾಲಮ್ಮ.

"ರಕ್ತ ಕಮ್ಮಿ ಐತಂತೆ. ನಡಿ," ಎಂದ ಮಾವ.

ಅವತ್ತು ಸಂಜೆಯೇ ಅತ್ತೆ ಅವಳ ತಟ್ಟೆ, ಲೋಟ ತೆಗೆದು ಬಚ್ಚಲ ಗೋಡೆಯ ಮೇಲಿಟ್ಟಳು. ಹಾಸಿಗೆ ನಡುಮನೆಯಿಂದ ಹಿತ್ತಲ ತಡಿಕೆ ಮರೆಗೆ ಬಂತು. ಅವಳು ಮುಟ್ಟಿದ ಕೊಡಕ್ಕೆ ಅತ್ತೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದಳು. ಹಾಲಮ್ಮ ಕೇಳಲಿಲ್ಲ. ಕೂಸು ಹೋದ ಮೇಲೆ ಅವಳಿಗೆ ಯಾವುದನ್ನೂ ಕೇಳುವ ಶಕ್ತಿ ಉಳಿದಿರಲಿಲ್ಲ. ಬೆಳಗಾದರೆ ಎದ್ದು, ಬಚ್ಚಲ ಗೋಡೆಯ ಮೇಲಿನ ತಟ್ಟೆಯಲ್ಲಿ ತಂಗಳು ಉಂಡು, ಮಂಡಕ್ಕಿ ಭಟ್ಟಿಗೆ ಹೋಗುತ್ತಿದ್ದಳು.

ತಟ್ಟೆ ಬೇರೆಯಾಯಿತು. ಅವಳ ಕೂಲಿ ಬೇರೆಯಾಗಲಿಲ್ಲ.

ಭಟ್ಟಿಯೆಂದರೆ ಬೆಂಕಿಯ ಮನೆ. ಒಲೆಗೆ ಭತ್ತದ ಹೊಟ್ಟು, ಹಳೆಯ ಟೈರು. ಕಾದ ಮರಳಿನಲ್ಲಿ ಅಕ್ಕಿ ಬಿದ್ದರೆ ಪಟಪಟನೆ ಅರಳಿ ಮಂಡಕ್ಕಿಯಾಗುತ್ತದೆ. ಅದನ್ನು ಬಿಸಿ ಬಿಸಿ ಇರುವಾಗಲೇ ಜರಡಿ ಹಿಡಿದು, ಮರಳು ಬೇರೆ ಮಾಡಿ, ಚೀಲ ತುಂಬುವುದು ಹೆಂಗಸರ ಕೆಲಸ. ಮೊಣಕೈವರೆಗೆ ಬೊಕ್ಕೆ. ಮೂಗಲ್ಲಿ ಕರಿ. ಉಗುಳಿದರೆ ಕಪ್ಪು. ಊರಿಗೆ ಊರೇ ಸಂಜೆ ಖಾರ ಮಂಡಕ್ಕಿ ಮಿರ್ಚಿ ತಿಂದು ಬೆರಳು ನೆಕ್ಕುತ್ತದೆ. ಅದನ್ನು ಜರಡಿ ಹಿಡಿದ ಕೈಗಳು ಯಾರವು ಎಂದು ಯಾರಿಗೂ ಬೇಕಿಲ್ಲ.

ಹಾಲಮ್ಮನ ತವರು ಹರಿಹರದ ಹತ್ತಿರದ ಕೊಂಡಜ್ಜಿ. ಅಪ್ಪ ಕೆಂಚಣ್ಣ ಬೇರೆಯವರ ಗದ್ದೆಯಲ್ಲಿ ದುಡಿಯುವವನು. ಹಾಲಮ್ಮ ಏಳನೇ ಕ್ಲಾಸು ಪಾಸಾದಳು. ಲೆಕ್ಕದಲ್ಲಿ ಗಂಡುಹುಡುಗರನ್ನು ಹಿಂದೆ ಹಾಕಿದ್ದಳು. ಹೈಸ್ಕೂಲಿಗೆ ಹರಿಹರಕ್ಕೆ ಹೋಗಬೇಕು. "ಬೆಳೆದ ಹುಡುಗಿ ಬಸ್ಸಿನಾಗೆ ಜೋತಾಡ್ಕಂಡು ಹೋಗಾದು ಬ್ಯಾಡ," ಎಂದ ಕೆಂಚಣ್ಣ. ಕಳೆ ಕೀಳಲು ಕಳಿಸಿದ. ಮೈನೆರೆದ ಮರುವರ್ಷವೇ ಹನುಮೇಶನಿಗೆ ಕೊಟ್ಟ. ಹನುಮೇಶ ಬೋರ್‌ವೆಲ್ ಕೊರೆಯುವ ಗಾಡಿಯಲ್ಲಿ ಕೆಲಸಗಾರ. ಗಾಡಿ ಹತ್ತಿದರೆ ಆಂಧ್ರ, ಮಹಾರಾಷ್ಟ್ರ ಅಂತ ತಿಂಗಳುಗಟ್ಟಲೆ ಹೋಗುವವನು. ಮಾವ ಊರಂಚಿನ ಕರೂರಿನ ಒಂದು ಫ್ಯಾಕ್ಟರಿಯಲ್ಲಿ ವಾಚ್‌ಮನ್. ವಿನೋಬನಗರದಲ್ಲಿ ಸ್ವಂತ ಮನೆ. "ಒಳ್ಳೆ ಮನೆತನ," ಎಂದರು ಎಲ್ಲರೂ.

ತಂಗಿ ಶೋಭಾರಾಣಿಯ ಸರದಿ ಬಂದಾಗ ಅವ್ವ ಕಾಟಮ್ಮ ಬಾಗಿಲಿಗೆ ಅಡ್ಡ ಕೂತಳಂತೆ. "ಒಬ್ಬಾಕಿನಾದ್ರೂ ಓದ್ಲಿ." ಅವಳು ಜಗಳ ಮಾಡಿದ್ದು ಬಾಳಿನಲ್ಲಿ ಅದೊಂದೇ ಸಲ. ಶೋಭಾ ಹರಿಹರದ ಹೈಸ್ಕೂಲಿಗೆ ಹೋಗತೊಡಗಿದಳು. ಈಗ ಒಂಬತ್ತನೇ ಕ್ಲಾಸು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅತ್ತೆ ಹಿತ್ತಲಿಗೆ ಬಂದು, ದೂರ ನಿಂತು, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ ಹೇಳಿದಳು.

"ನಿನಗೆ ಇನ್ನ ಮಕ್ಕಳಾಗಾದು ಕಷ್ಟ ಐತೆ ಹಾಲಮ್ಮ. ನನ್ ಮಗನ ವಂಶ ನಿಲ್ಲಬಾರದಲ್ಲ. ನಿನ್ ತಂಗೀನ ತಂದ್ಕಂತೀವಿ. ಹೊರಗಿನಾಕಿ ಬಂದ್ರೆ ನಿನ್ನ ನೋಡ್ಕಂತಾಳಾ? ಒಡಹುಟ್ಟಿದಾಕಿ ಆದ್ರೆ ನಿನಗೂ ಒಂದು ಆಸರೆ."

ಹಾಲಮ್ಮ ಸುಮ್ಮನೆ ತಲೆಯಾಡಿಸಿದಳು. ಅವಳಿಗೆ ಅದು ಕೆಟ್ಟ ಮಾತು ಅನ್ನಿಸಲಿಲ್ಲ. ಮೈಯಲ್ಲಿ ಕಸುವಿಲ್ಲ. ತಂಗಿ ಬಂದರೆ ಜ್ವರದಲ್ಲಿ ಒಂದು ಲೋಟ ನೀರು ಕೊಡುವವರಾದರೂ ಇರುತ್ತಾರೆ. ಮನೆಯಲ್ಲಿ ಮತ್ತೊಂದು ಕೂಸು ಆಡುತ್ತದೆ. ಅಷ್ಟೇ ಅವಳು ಯೋಚಿಸಿದ್ದು. ಮಾವ ಕೊಂಡಜ್ಜಿಗೆ ಹೋಗಿ ಮಾತಾಡಿ ಬಂದ. ಕೆಂಚಣ್ಣ ಒಪ್ಪಿದ್ದ.

ಭಟ್ಟಿಯಲ್ಲಿ ಜೊತೆಗೆ ಜರಡಿ ಹಿಡಿಯುತ್ತಿದ್ದ ರಂಗವ್ವನಿಗೆ ಈ ಸುದ್ದಿ ಹೇಳಿದಳು. ರಂಗವ್ವ ಗಂಡನಿಲ್ಲದವಳು, ಒಬ್ಬಳೇ ಇರುವವಳು. ಕೇಳಿ ಅವಳ ಕೈ ನಿಂತಿತು.

"ನಿನ್ ತಟ್ಟೆ ಬ್ಯಾರೆ ಇಟ್ಟಾರೆ ಅಂದ್ಯಲ್ಲ, ಯಾಕ?"

"ರಕ್ತ ಕಮ್ಮಿ ಐತಂತೆ."

"ನನಗೂ ರಕ್ತ ಕಮ್ಮಿ. ಈ ಭಟ್ಟಿಯಾಗೆ ಯಾರಿಗೆ ಐತೆ ರಕ್ತ? ರಕ್ತ ಕಮ್ಮಿ ಆದೋರ್ ತಟ್ಟೆ ಯಾರೂ ಬ್ಯಾರೆ ಇಡಲ್ಲ. ಹೋಗಿ ಕೇಳು. ಒಬ್ಬಾಕೀನೇ ಹೋಗು."

ಮರುದಿನ ಹಾಲಮ್ಮ ಭಟ್ಟಿಗೆ ಹೋಗಲಿಲ್ಲ. ನರ್ಸಿಂಗ್ ಹೋಮಿಗೆ ಹೋದಳು. ಅವತ್ತು ಕೂತಿದ್ದ ಬೆಂಚಿನ ಮೇಲೇ ಕೂತಳು. ಅವಳನ್ನು ಕರೆದಾಗ ಡಾಕ್ಟರು ಗುರುತು ಹಿಡಿದರು.

"ಯಜಮಾನ್ರಿಗೆ ಎಲ್ಲಾ ಹೇಳಿದೀವಲ್ಲಮ್ಮ. ಅವರನ್ನ ಕೇಳು."

"ರಕ್ತ ಕೊಟ್ಟಾಕಿ ನಾನ್ರಿ. ನನಗೆ ಹೇಳ್ರಿ."

"ನಿನಗೆ ತಿಳಿಯಲ್ಲ. ಮನೆಯವರನ್ನ ಕರ್ಕೊಂಡ್ ಬಾ."

"ತಿಳಿಯಂಗೆ ಹೇಳ್ರಿ."

ಡಾಕ್ಟರು ಮುಂದಿನ ರೋಗಿಯನ್ನು ಕರೆದರು. ಹಾಲಮ್ಮ ಏಳಲಿಲ್ಲ. ಸ್ಟೂಲಿನಿಂದ ಇಳಿದು ನೆಲದ ಮೇಲೆ ಕೂತಳು. ಒಳಗೆ ಬಂದ ಮುದುಕ ಅವಳನ್ನು ದಾಟಲಾರದೆ ಬಾಗಿಲಲ್ಲೇ ನಿಂತ. ಆಯಾ ಬಂದು ತೋಳು ಹಿಡಿಯಲು ಹೋದಳು, ಹಿಡಿಯಲಿಲ್ಲ, ಕೈ ಹಿಂದಕ್ಕೆ ತೆಗೆದುಕೊಂಡಳು. ಆ ಕೈ ಹಿಂದಕ್ಕೆ ಹೋದದ್ದನ್ನು ಹಾಲಮ್ಮ ನೋಡಿದಳು.

"ನನ್ ಮೈ ಸುದ್ದಿ ನನಗೆ ಹೇಳೋಗಂಟ ನಾನ್ ಏಳಲ್ಲ," ಎಂದಳು.

ಡಾಕ್ಟರು ಮುದುಕನನ್ನು ಹೊರಗೆ ಕಳಿಸಿದರು. ಬೇಗ ಬೇಗ ಹೇಳಿದರು. ಏಡ್ಸ್ ತರುವ ವೈರಸ್ಸು. ರಕ್ತದಲ್ಲಿದೆ. ಅವಳಿಗೂ ಇದೆ, ಅವಳ ಗಂಡನಿಗೂ ಇದೆ. ಕೂಸು ಸತ್ತದ್ದೂ ಬಹುಶಃ ಅದರಿಂದಲೇ. ಔಷಧಿ ಇದೆಯಂತೆ, ಆದರೆ ಅವಳಂಥವರ ಕೈಗೆ ಎಟುಕುವುದಲ್ಲ. ಅವಳು ಆ ಹೆಸರನ್ನು ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಓದಿದ್ದಳು. ಗೋಡೆಯ ಮೇಲೆ ಹೆಸರಿತ್ತು, ಹೆದರಿರಿ ಎಂದಿತ್ತು. ಅದು ಹೇಗೆ ಬರುತ್ತದೆ ಎಂದಿರಲಿಲ್ಲ.

"ಹೆಂಗೆ ಬಂತು ನನಗೆ?"

ಡಾಕ್ಟರು ಪೆನ್ನು ತಿರುಗಿಸುತ್ತಾ ಹೇಳಿದರು. "ಗಂಡನಿಂದ."

ಮದುವೆಯಾದಾಗಿನಿಂದ ಅವಳಿಗೆ ಗೊತ್ತಿದ್ದ ಗಂಡಸು ಒಬ್ಬನೇ. ಆಮೇಲೆ ಕೇಳಿದಳು.

"ಇವರು ಇನ್ನೊಬ್ಬಾಕಿನ ಮದುವೆ ಆದ್ರೆ?"

"ಆಕೆಗೂ ಬರ್ತೈತೆ. ಮದುವೆ ಮಾಡಬ್ಯಾಡ್ರಿ ಅಂತ ಅವರ ತಂದೆಗೆ ಹೇಳಿದೀನಿ."

"ಅವರಿಗೆ ಹೇಳಿದ್ರಿ. ಆ ಹುಡುಗಿಗೆ ಯಾರು ಹೇಳ್ತಾರೆ?"

ಡಾಕ್ಟರು ಗಂಟೆ ಒತ್ತಿದರು. ಮುದುಕ ಮತ್ತೆ ಒಳಗೆ ಬಂದ.

ಕೊಂಡಜ್ಜಿಯಲ್ಲಿ ಎಲೆ ಅಡಿಕೆ ಶಾಸ್ತ್ರದ ದಿನ ಬಂತು. ಹಾಲಮ್ಮ ಅಷ್ಟು ದಿನವೂ ಬಾಯಿ ಬಿಟ್ಟಿರಲಿಲ್ಲ. ಬಿಟ್ಟರೆ ಅವಳನ್ನು ಮನೆಯಲ್ಲೇ ಕೂಡಿಹಾಕುತ್ತಾರೆ. ಎಲ್ಲರ ಜೊತೆ ಬಸ್ಸು ಹತ್ತಿದಳು. ಅತ್ತೆ ಅವಳ ಪಕ್ಕದ ಸೀಟಿನಲ್ಲಿ ಕೂರದೆ ನಿಂತೇ ಬಂದಳು.

ತವರಿನ ಅಡಿಗೆಮನೆಯ ಮೂಲೆಯಲ್ಲಿ ಶೋಭಾರಾಣಿಗೆ ಸೀರೆ ಉಡಿಸಿ ಕೂಡಿಸಿದ್ದರು. ತಲೆ ತುಂಬ ಕನಕಾಂಬರ. ಅಕ್ಕನನ್ನು ಕಂಡವಳೇ ಮುಖ ತಿರುಗಿಸಿದಳು.

"ನೀನೂ ಒಪ್ಪೀಯಂತೆ," ಎಂದಳು. "ನಾನ್ ನಿನ್ ಮನಿಗೆ ಬಂದ್ರೆ ನಿನಗೆ ಸಂತೋಷ ಅಂತೆ. ನಿಮ್ ಮಾವ ಹೇಳಿದ್ರು. ಪರೀಕ್ಷಿ ಮುಗಿಯೋಗಂಟಾನಾದ್ರೂ ತಡೀರಿ ಅನ್ನಬಾರದಾಗಿತ್ತಾ ಅಕ್ಕ?"

ಹಾಲಮ್ಮನಿಗೆ ಆ ಮಾತು ಕಾದ ಮರಳಿಗಿಂತ ಹೆಚ್ಚು ಸುಟ್ಟಿತು. ಅವಳು ನೇರ ಪಡಸಾಲೆಗೆ ಬಂದಳು.

ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಊರ ಹಿರಿಯರು ಕೂತಿದ್ದರು. ಹನುಮೇಶ ಹೊಸ ಅಂಗಿ ಹಾಕಿ ಗೋಡೆಗೆ ಒರಗಿದ್ದ. ಮೊದಲ ಹೆಂಡತಿ ಇರುವಾಗ ಎರಡನೆಯ ಮದುವೆಯೆಂದರೆ ಅವಳ ಒಪ್ಪಿಗೆ ಕೇಳುವ ಪದ್ಧತಿ. ಕೇಳುವುದು ಪದ್ಧತಿ. ಇಲ್ಲ ಎಂದವರು ಯಾರೂ ಇರಲಿಲ್ಲ. ಹಿರಿಯನೊಬ್ಬ ಎಲೆಗೆ ಸುಣ್ಣ ಹಚ್ಚುತ್ತಾ, ತಲೆ ಎತ್ತದೆ ಕೇಳಿದ.

"ಏನಮ್ಮ ಹಾಲಮ್ಮ, ನಿನ್ ಒಪ್ಪಿಗಿ ಐತಲ್ಲ?"

"ಇಲ್ಲ."

ಸುಣ್ಣ ಹಚ್ಚುವ ಬೆರಳು ನಿಂತಿತು.

"ನನಗೆ ಏಡ್ಸ್ ಐತೆ," ಎಂದಳು ಹಾಲಮ್ಮ. "ಇವರಿಗೂ ಐತೆ. ಇವರಿಂದ ನನಗೆ ಬಂತು. ನನ್ನಿಂದ ಕೂಸಿಗೆ ಹೋತು. ಮಾವನಿಗೆ ಡಾಕ್ಟ್ರು ಅವತ್ತೇ ಹೇಳ್ಯಾರೆ. ಗೊತ್ತಿದ್ದೂ ನನ್ ತಂಗೀನ ಕೇಳಾಕ ಬಂದಾರೆ. ಕೇಳ್ರಿ ಬೇಕಾದ್ರೆ."

ಯಾರೂ ಮಾಳಿಂಗಪ್ಪನನ್ನು ಕೇಳಲಿಲ್ಲ. ಹನುಮೇಶನನ್ನೂ ಕೇಳಲಿಲ್ಲ. ಅವಳ ಹತ್ತಿರ ಕೂತಿದ್ದವರು ಜಮಖಾನದ ಮೇಲೆ ಹಿಂದಕ್ಕೆ ಸರಿದರು. ಹನುಮೇಶ ಎದ್ದ. "ಭಟ್ಟಿಯಾಗೆ ಯಾರ್ ಯಾರ್ ಜತಿ ಮಲ್ಕಂಡಿದ್ಲೋ, ಈಗ ನನ್ ತಲಿಗೆ ಕಟ್ತಾಳೆ," ಎಂದ. ಅಷ್ಟರಲ್ಲಿ ಕೆಂಚಣ್ಣನ ಕೈ ಮೇಲೆದ್ದಿತು. ಬಿದ್ದದ್ದು ಅಳಿಯನ ಕೆನ್ನೆಗಲ್ಲ. ಮಗಳ ಕೆನ್ನೆಗೆ.

"ನಾಕ್ ಜನರ ಮುಂದೆ ನನ್ ಮಾನ ಕಳೆದ್ಯಲ್ಲೇ."

ಅವಳು ಬೀಳಲಿಲ್ಲ. ಬಾಯಲ್ಲಿ ಉಪ್ಪುಪ್ಪಾಯಿತು. ತನ್ನ ರಕ್ತ ಎಂದುಕೊಂಡಳು. ಸೆರಗಿನಿಂದ ತಾನೇ ಒರೆಸಿಕೊಂಡಳು.

ಅಡಿಗೆಮನೆಯಲ್ಲಿ ಹೋಳಿಗೆಯ ಕಣಕ ನಾದುತ್ತಿದ್ದ ಕಾಟಮ್ಮ ಇದನ್ನೆಲ್ಲ ಕೇಳಿದಳು. ಹೊರಗೆ ಬರಲಿಲ್ಲ. ಶೋಭಾರಾಣಿಯ ಹಿಂದೆ ಹೋಗಿ ಕೂತು, ಹಿಟ್ಟಾದ ಬೆರಳುಗಳಿಂದ ಅವಳ ಮುಡಿಯ ಕನಕಾಂಬರವನ್ನು ಒಂದೊಂದೇ ಎಳೆಯಾಗಿ ಬಿಚ್ಚತೊಡಗಿದಳು.

ಮದುವೆ ನಿಂತಿತು. ಆದರೆ ಕೆಂಚಣ್ಣ ನಿಲ್ಲಲಿಲ್ಲ. ಸುದ್ದಿ ಹರಡುವ ಮೊದಲೇ ಕಿರಿಯವಳನ್ನು ಎಲ್ಲಾದರೂ ದಾಟಿಸಬೇಕು ಎಂದು ರಾತ್ರಿಯೆಲ್ಲ ಬಡಬಡಿಸಿದ. ಇನ್ನು ಸ್ಕೂಲಿಲ್ಲ ಗೀಲಿಲ್ಲ ಎಂದ. ಬೆಳಗ್ಗೆ ಮೊದಲ ಬಸ್ಸಿನ ಹೊತ್ತಿಗೆ ಕಾಟಮ್ಮ ಶೋಭಾಳ ಪುಸ್ತಕದ ಚೀಲವನ್ನು ಹಾಲಮ್ಮನ ಹೆಗಲಿಗೆ ಹಾಕಿದಳು.

"ಈಕಿನ ಕರ್ಕಂಡು ಹೋಗು. ತಿರುಗಿ ಕಳಿಸಬ್ಯಾಡ."

"ಅಪ್ಪ ನಿನ್ನ ಸುಮ್ಮನೆ ಬಿಡ್ತಾನೇನವ್ವ?"

"ಹೊಡೀತಾನೆ. ಹೊಸದೇನಲ್ಲ."

ರಂಗವ್ವನ ಒಂದೇ ಕೋಣೆ ಭಟ್ಟಿ ಸಾಲಿನ ಹಿಂದಿತ್ತು. ಅಕ್ಕ ತಂಗಿ ಅಲ್ಲಿ ಸೇರಿಕೊಂಡರು. ರಂಗವ್ವ ಮೊದಲ ದಿನವೇ ಒಂದೇ ಪರಾತದಲ್ಲಿ ಮುದ್ದೆ ಹಾಕಿ ಮೂವರ ನಡುವೆ ಇಟ್ಟಳು. ಹಾಲಮ್ಮ ಕೈ ಚಾಚಲಿಲ್ಲ. "ಉಣ್ಣು," ಎಂದಳು ರಂಗವ್ವ. "ನಾನೇನು ದೇವತಿ ಅಲ್ಲ, ನನಗೂ ಭಯ ಐತೆ. ಆದ್ರೂ ಉಣ್ಣು." ಕೂಸು ಸತ್ತಾಗ ಅಳದ ಹಾಲಮ್ಮ ಅವತ್ತು ಪರಾತದ ಮುಂದೆ ಕೂತು ಅತ್ತಳು.

ಹೆಣ್ಣುಮಕ್ಕಳ ಹೈಸ್ಕೂಲಿಗೆ ಶೋಭಾಳನ್ನು ಸೇರಿಸಲು ಹೋದಾಗ ಹೆಡ್ ಮೇಡಂ ಉಮಾಮಹೇಶ್ವರಿಯವರು, "ತಂದೆ ಬರಬೇಕಲ್ಲಮ್ಮ," ಎಂದರು.

"ತಂದೆ ಬಂದ್ರೆ ಈಕಿ ಮದುವೆ ಆಗ್ತೈತ್ರಿ," ಎಂದಳು ಹಾಲಮ್ಮ. "ನಾನ್ ಬಂದೀನಿ. ನನ್ನ ಮದುವೆ ಆಗೇತಿ. ಅದು ಹೆಂಗಾತು ಅಂತ ಬೇಕಾದ್ರೆ ಹೇಳ್ತೀನಿ."

ಮೇಡಂ ಅವಳ ತುಟಿಯ ಗಾಯ ನೋಡಿದರು. ಮುಂದೆ ಏನೂ ಕೇಳದೆ, "ಪರೀಕ್ಷೆಗೆ ಕೂಡ್ಲಿ. ಆಮೇಲೆ ನೋಡೋಣ," ಎಂದರು. ಶೋಭಾ ಕೂತಳು, ಪಾಸಾದಳು, ಹತ್ತನೇ ಕ್ಲಾಸಿಗೆ ಹೋದಳು.

ಅಷ್ಟರಲ್ಲಿ ಸುದ್ದಿ ಭಟ್ಟಿಗೂ ಬಂದಿತ್ತು. ಭಟ್ಟಿಯ ಮೇಸ್ತ್ರಿ ಮಕ್ತುಮ್ ಸಾಬ್ ಕೆಟ್ಟವನಲ್ಲ. ಕೆಲಸ ಬಿಡಿಸಲಿಲ್ಲ. "ಮಂಡಕ್ಕಿ ಮುಟ್ಟಬ್ಯಾಡ ಬೇಟಿ, ತಿನ್ನೋರ ಬಾಯಾಗೆ ಮಾತು ಬರ್ತೈತೆ. ಒಲಿ ಮುಂದೆ ಕೂಡು," ಎಂದ. ಒಲೆಯ ಮುಂದೆ ಎಂದರೆ ಟೈರಿನ ಹೊಗೆಯೊಳಗೆ. ಮಳೆಗಾಲ ಮುಗಿಯುವಷ್ಟರಲ್ಲಿ ಕೆಮ್ಮು ಅವಳ ಎದೆಗೂಡನ್ನು ಹಿಡಿದು ಅಲ್ಲಾಡಿಸತೊಡಗಿತು. ದೀಪಾವಳಿಯ ಹೊತ್ತಿಗೆ ಹಾಸಿಗೆ ಹಿಡಿದಳು. ರಂಗವ್ವನ ಒಬ್ಬಳ ಕೂಲಿಯಲ್ಲಿ ಮೂರು ಹೊಟ್ಟೆ ನಡೆಯಬೇಕಾಯಿತು. ಶೋಭಾ ಬೆಳಗ್ಗೆ ಭಟ್ಟಿಯಲ್ಲಿ ಚೀಲ ಹೊಲಿದು, ಕೈ ತೊಳೆದು, ಸ್ಕೂಲಿಗೆ ಓಡುತ್ತಿದ್ದಳು.

ಒಂದು ಸಂಜೆ ಶೋಭಾ ತಡವಾಗಿ ಬಂದಳು. ಮುಖ ಕೆಂಪಾಗಿತ್ತು.

"ನಿಲ್ಲಿಸಿದ್ರು ಅಕ್ಕ. ಕ್ಲಾಸ್ ಪೂರ್ತಿ."

"ಯಾಕ?"

"ಸೈನ್ಸ್ ಬುಕ್ಕಿನಾಗೆ ಒಂದು ಪಾಠ ಐತೆ. ಈ ರೋಗದ್ದು. ಮಿಸ್ಸು, ಇದನ್ನ ಮನ್ಯಾಗೆ ಓದ್ಕಳ್ಳಿ ಅಂತ ಹಾಳೆ ತಿರುವಿದ್ರು. ಎಲ್ಲಾರೂ ತಲಿ ತಗ್ಗಿಸಿ ನಕ್ಕರು. ನಾನ್ ಎದ್ದು ನಿಂತು, ಮನ್ಯಾಗೆ ಹೇಳೋರಿಲ್ಲ ಮಿಸ್, ಇಲ್ಲೇ ಹೇಳ್ರಿ ಅಂದೆ. ಕೂಡು ಅಂದ್ರು. ಕೂಡ್ಲಿಲ್ಲ. ಹಂಗಾದ್ರೆ ನಿಂತೇ ಇರು ಅಂದ್ರು."

ಮರುದಿನವೂ ಅವಳು ಕೂಡಲಿಲ್ಲ. ಅದರ ಮರುದಿನ ಅವಳ ಬೆಂಚಿನ ಹುಡುಗಿಯೂ ಎದ್ದು ನಿಂತಳಂತೆ. ಕೊನೆಗೆ ಮಿಸ್ಸು ಪಾಠ ಮಾಡಿದರು. ಹುಡುಗಿಯರ ಮುಖ ನೋಡಲಾಗದೆ ಕರಿಹಲಗೆಯ ಕಡೆ ತಿರುಗಿಕೊಂಡೇ ಮಾಡಿದರು. ಆದರೂ ಮಾಡಿದರು.

"ಓದು ನೋಡಾನ," ಎಂದಳು ಹಾಲಮ್ಮ.

ಶೋಭಾ ಓದಿದಳು. ಹೇಗೆ ಬರುತ್ತದೆ. ಹೇಗೆ ಬರುವುದಿಲ್ಲ. ಜೊತೆಗೆ ಉಂಡರೆ ಬರುವುದಿಲ್ಲ ಎಂಬಲ್ಲಿಗೆ ಬಂದಾಗ ರಂಗವ್ವ, "ಇನ್ನೊಂದ್ ಸಲ ಓದು," ಎಂದಳು. ಓದಿ ಮುಗಿಯಿತು.

"ಇಷ್ಟೇನಾ?"

"ಇಷ್ಟೇ ಅಕ್ಕ. ಒಂದೂವರೆ ಹಾಳೆ."

"ಹತ್ತನೇ ಕ್ಲಾಸಿಂದು," ಎಂದಳು ಹಾಲಮ್ಮ. "ಮೂರ್ ವರ್ಷ ಸುಮ್ನೆ ಬಿಟ್ಟಿದ್ರೆ ನಾನೂ ಇಲ್ಲೀಗಂಟ ಬರ್ತಿದ್ದೆ." ಗೋಡೆಯ ಕಡೆ ತಿರುಗಿ ಮಲಗಿದಳು. ಅವತ್ತು ರಾತ್ರಿ ಎಷ್ಟು ಕರೆದರೂ ಈ ಕಡೆ ತಿರುಗಲಿಲ್ಲ.

ಶಿವರಾತ್ರಿಯ ಹಿಂದಿನ ವಾರ ರಂಗವ್ವ ಸಂತೆಯಿಂದ ಬರುತ್ತಲೇ ಸುದ್ದಿ ತಂದಳು. ಹನುಮೇಶನಿಗೆ ಮದುವೆಯಾಗಿದೆ. ಜಗಳೂರು ಕಡೆಯ ಹುಡುಗಿ. ಅಲ್ಲಿಗೆ ಈ ಮಾತು ಮುಟ್ಟಿಲ್ಲ. ಬಂದು ಹತ್ತು ದಿನವಾಯಿತಂತೆ.

ಹಾಲಮ್ಮ ಎದ್ದು ಕೂತಳು. ತಂಗಿಯನ್ನು ಉಳಿಸಿಕೊಂಡೆ ಎಂದುಕೊಂಡಿದ್ದಳು. ತಂಗಿಯ ಜಾಗ ಖಾಲಿ ಬಿದ್ದಿರುತ್ತದೆ ಎಂದುಕೊಂಡಿದ್ದಳು. ಆ ಜಾಗಕ್ಕೆ ಇನ್ನೊಬ್ಬಳನ್ನು ತರುತ್ತಾರೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

"ನಡಿ ಶೋಭಾ," ಎಂದಳು.

"ನಿನಗೆ ನಡಿಯಾಕ ಆಗಲ್ಲ ಅಕ್ಕ."

"ನೀನ್ ಹಿಡ್ಕ."

ಆಟೋ ಹಿಡಿದು ವಿನೋಬನಗರಕ್ಕೆ ಹೋದರು. ಓಣಿಯ ತುದಿಯಲ್ಲಿ ಇಳಿದು, ಗೋಡೆ ಗೋಡೆ ಹಿಡಿಯುತ್ತಾ ಆ ಮನೆಯ ಮುಂದೆ ಬಂದು ನಿಂತರು. ಹುಡುಗಿಯೇ ಬಾಗಿಲು ತೆರೆದಳು. ಶೋಭಾಳಷ್ಟೇ ವಯಸ್ಸು. ಕೊರಳ ದಾರದ ಅರಿಶಿನ ಇನ್ನೂ ಹಸಿಯಿತ್ತು.

"ಮನ್ಯಾಗೆ ಗಂಡಸರ್ಯಾರೂ ಇಲ್ರಿ. ಸಂಜಿಗೆ ಬರ್ರಿ," ಎಂದಳು.

"ಅವರ ಹತ್ರ ಕೆಲಸಿಲ್ಲ," ಎಂದಳು ಹಾಲಮ್ಮ. "ನಿನಗೇ ಹೇಳಾಕ ಬಂದಿದ್ದು. ನಿನ್ ಹೆಸರೇನವ್ವ?"

"ಕೊಟ್ರಮ್ಮ."

"ಏನ್ ಓದೀಯ ಕೊಟ್ರಮ್ಮ?"

"ಐದನೇ ಕ್ಲಾಸು. ಆಮ್ಯಾಲೆ ಬಿಡಿಸಿದ್ರು."

ಹಾಲಮ್ಮ ಮಾತು ತೆಗೆಯುವಷ್ಟರಲ್ಲಿ ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಬಾಗಿದಳು. ಅಷ್ಟರಲ್ಲಿ ಹಿತ್ತಲಿನಿಂದ ಅತ್ತೆ ಬಂದಳು. ಹಾಲಮ್ಮನನ್ನು ನೋಡಿದವಳೇ ಹುಡುಗಿಯ ರಟ್ಟೆ ಹಿಡಿದು ಒಳಗೆ ಎಳೆದಳು. ಬಾಗಿಲು ಬಡಿಯಿತು. ಚಿಲಕ ಬಿತ್ತು.

ಶೋಭಾರಾಣಿ ಬಾಗಿಲು ತಟ್ಟಲಿಲ್ಲ. ಓಣಿಯ ನಡುವೆ ಬಂದು ನಿಂತಳು. ಕ್ಲಾಸಿನಲ್ಲಿ ಎದ್ದು ನಿಂತಂತೆಯೇ ನಿಂತಳು. ಗಟ್ಟಿಯಾಗಿ ಹೇಳತೊಡಗಿದಳು. ಈ ಮನೆಯ ಹನುಮೇಶನಿಗೆ ಇರುವ ರೋಗದ ಹೆಸರು ಹೇಳಿದಳು. ಅದು ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ ಎಂದು ಹೇಳಿದಳು. ಹೆಣ್ಣು ಏನು ಕೇಳಬೇಕು, ಯಾವುದನ್ನು ಬ್ಯಾಡ ಅನ್ನಬೇಕು ಎಂದು ಹೇಳಿದಳು. ಅದು ಪುಸ್ತಕದಲ್ಲಿ ಇರಲಿಲ್ಲ. ಅಕ್ಕಪಕ್ಕದ ಮನೆಗಳಿಂದ ಹೆಂಗಸರು ಮೊರ, ಪೊರಕೆ ಹಿಡಿದವರು ಹಾಗೇ ಹೊರಗೆ ಬಂದರು. ಯಾರೋ "ನಾಚಿಕಿ ಇಲ್ಲದಾಕಿ" ಎಂದರು. ಎಂದವರೂ ಒಳಗೆ ಹೋಗಲಿಲ್ಲ.

ಒಳಗಿನಿಂದ ಅತ್ತೆಯ ಬೈಗುಳ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಹಾಲಮ್ಮ ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳ ತಲೆಯ ಮೇಲೆ ಕಿಟಕಿಯ ಕಂಬಿ. ಕಂಬಿಯ ಮೇಲೆ ಎರಡು ಕೈಗಳ ಬೆರಳು ಬಂದು ಕೂತವು. ಮದರಂಗಿ ಇನ್ನೂ ಮಾಸಿರಲಿಲ್ಲ.

ಶೋಭಾ ಹೇಳಿ ಮುಗಿಸಿದಳು. ಆಗ ಕಿಟಕಿಯಿಂದ ಸಣ್ಣ ದನಿ ಬಂತು.

"ಅಕ್ಕ, ಇದನ್ನ ಮದುವಿಗೆ ಮುಂಚೇನೇ ಬಂದು ಯಾಕ ಹೇಳ್ಲಿಲ್ಲ?"

ಹಾಲಮ್ಮ ಕಂಬಿಯ ಕಡೆ ಕೈ ಎತ್ತಿದಳು. ಕೈ ಅಲ್ಲಿಯವರೆಗೆ ಹೋಗಲಿಲ್ಲ.